ಆ ಟ್ರಂಪೆಟ್ ಅಪ್ಪನದಲ್ಲ, ಮಗನದು: ಬಾಖ್‌ನ 80ನೇ ಕ್ಯಾಂಟಾಟಾದ ಹಸ್ತಪ್ರತಿಗಳ ಜಾಡಿನಲ್ಲಿ

18ನೇ ಶತಮಾನದ ಜರ್ಮನ್ ಸಂಗೀತಕಾರ ಬಾಖ್‌ನ 80ನೇ ಕ್ಯಾಂಟಾಟಾ (ಚರ್ಚಿಗಾಗಿ ಬರೆದ ವಾದ್ಯಸಹಿತ ಗಾಯನಕೃತಿ) ಎಂದೊಡನೆ ಕೇಳಿದವರ ಕಿವಿಯಲ್ಲಿ ಮೊದಲು ಮೊಳಗುವುದು ಮೂರು ಟ್ರಂಪೆಟ್ ಮತ್ತು ಟಿಂಪನಿ ಎಂಬ ನಗಾರಿ. ನನ್ನ ಕಿವಿಯಲ್ಲೂ ಅದೇ ಇತ್ತು. ಧರ್ಮಸುಧಾರಕ ಲೂಥರನ 'ಐನ್ ಫೆಸ್ಟೆ ಬುರ್ಗ್', ಅಂದರೆ ಬೈಬಲಿನ 46ನೇ ಕೀರ್ತನೆಯ ಆಧಾರದ ಮೇಲೆ ಬರೆದ ಭದ್ರಕೋಟೆಯ ಹಾಡು, ಇದರ ಬೆನ್ನೆಲುಬು. ಬಾಸೆಲ್ ಮಿಷನ್ ಪರಂಪರೆಯ ಚರ್ಚುಗಳಲ್ಲಿ ಬೆಳೆದ ನಮ್ಮಂಥವರಿಗೆ ಜರ್ಮನ್ ಕೋರಲ್ (ಸಭೆ ಹಾಡುವ ಸ್ತುತಿಗೀತೆ) ರಾಗಗಳು ಹೊಸತಲ್ಲ. 1834ರಲ್ಲಿ ಮಿಷನರಿಗಳು ಮಂಗಳೂರಿಗೆ ಬಂದಿಳಿದ ಕಾಲದಿಂದ ಅಂಥ ರಾಗಗಳಿಗೆ ಕನ್ನಡ ಸಾಹಿತ್ಯ ಕೂಡಿಸಿ ಹಾಡುತ್ತ ಬಂದಿದ್ದೇವೆ. ನಮ್ಮ ಕ್ವಾಯರ್ ಈ ಕ್ಯಾಂಟಾಟಾವನ್ನು ಲೂಥರನ ಧರ್ಮಸುಧಾರಣೆಯನ್ನು ನೆನೆಯುವ ಸುಧಾರಣಾ ಹಬ್ಬಕ್ಕೆ ಎತ್ತಿಕೊಂಡಾಗ ಎಲ್ಲರಿಗೂ ಪಾರ್ಟು (ಒಬ್ಬೊಬ್ಬರ ಸಾಲಿನ ಬಿಡಿ ಸ್ವರಹಾಳೆ) ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಕೈಯಲ್ಲಿ ಎರಡು ಸ್ಕೋರ್, ಅಂದರೆ ಎಲ್ಲರ ಸಾಲುಗಳೂ ಒಟ್ಟಿಗಿರುವ ಸ್ವರಪ್ರತಿಗಳು, ಇದ್ದವು. ಒಂದು, 19ನೇ ಶತಮಾನದ ಬಾಖ್ ಸಂಘದ ಸಮಗ್ರ ಆವೃತ್ತಿಯ 18ನೇ ಸಂಪುಟದಿಂದ ಬಂದದ್ದು. ಅದರಲ್ಲಿ ಮೊದಲ ಮತ್ತು ಐದನೇ ಭಾಗಗಳಲ್ಲಿ ಟ್ರಂಪೆಟ್, ಟಿಂಪನಿ ಎರಡೂ ಇವೆ. ಇನ್ನೊಂದು 20ನೇ ಶತಮಾನದ ಹೊಸ ಸಮಗ್ರ ಆವೃತ್ತಿಯದು. ಅದರಲ್ಲಿ ಇವು ಇಲ್ಲವೇ ಇಲ್ಲ. ಒಂದೇ ಕೃತಿ, ಒಬ್ಬನೇ ಸಂಗೀತಕಾರ, ನಾಲ್ಕು ವಾದ್ಯಗಳ ವ್ಯತ್ಯಾಸ! ಯಾವುದನ್ನು ಹಿಡಿಯಬೇಕು ಎಂಬುದು ಇಷ್ಟಾನಿಷ್ಟದ ಮಾತಾಗಬಾರದು ಅನ್ನಿಸಿ ಹಸ್ತಪ್ರತಿಗಳ ಕಡೆಗೆ ಹೊರಟೆ.

ಇದಕ್ಕೆ ಈಗ ಬರ್ಲಿನ್‌ಗೋ ಲೈಪ್‌ಜಿಗ್‌ಗೋ ಹೋಗಬೇಕಿಲ್ಲ. ಲೈಪ್‌ಜಿಗ್‌ನ ಬಾಖ್ ಆರ್ಕೈವ್, ಬರ್ಲಿನ್ ಸ್ಟೇಟ್ ಲೈಬ್ರರಿ ಮೊದಲಾದ ಸಂಸ್ಥೆಗಳು ಸೇರಿ ನಡೆಸುವ 'ಬಾಖ್ ಡಿಜಿಟಲ್' ಎಲ್ಲರಿಗೂ ತೆರೆದಿದೆ. ಕೃತಿಯ ಸಂಖ್ಯೆ ಕೊಟ್ಟರೆ ಅದರ ಮೂಲಗಳ ಪಟ್ಟಿ ಬರುತ್ತದೆ: ಯಾರ ಕೈಬರಹ, ಯಾವ ಕಾಲದ್ದು, ಯಾರಿಂದ ಯಾರಿಗೆ ಹೋಯಿತು, ಈಗ ಎಲ್ಲಿದೆ. ನಾನು ಮೊದಲು ಓದುವುದು ಒಡೆತನದ ಸಾಲನ್ನು, ಅದೂ ಕೊನೆಯಿಂದ ಹಿಂದಕ್ಕೆ. ಇವತ್ತಿನ ಗ್ರಂಥಾಲಯದಿಂದ ಶುರುಮಾಡಿ ಒಬ್ಬೊಬ್ಬ ಒಡೆಯನನ್ನೂ ದಾಟಿಕೊಂಡು ಹೋದರೆ ಆ ಕಾಗದ ಬಾಖ್‌ನ ಮನೆಯ ಬಾಗಿಲಿಗೆ ಎಷ್ಟು ಹತ್ತಿರ ಬರುತ್ತದೆ ಎಂಬುದು ತಿಳಿಯುತ್ತದೆ. ಹೆಚ್ಚಿನ ಸಂಪಾದಕರು ಕಾಲದ ಕ್ರಮದಲ್ಲಿ ಮುಂದಕ್ಕೆ ಬರೆದಿರುತ್ತಾರೆ. ನನಗೆ ಹಿಮ್ಮುಖ ಓದೇ ಹೆಚ್ಚು ಫಲ ಕೊಟ್ಟಿದೆ.

80ನೇ ಕ್ಯಾಂಟಾಟಾದ ವಿಷಯದಲ್ಲಿ ಬಾಗಿಲಿನವರೆಗೆ ಹೋದರೂ ಒಳಗೆ ಹೋಗಲಾಗದು. ಪೂರ್ಣರೂಪದ ಸ್ವಹಸ್ತ ಸ್ಕೋರ್ ಉಳಿದಿಲ್ಲ. ಬಾಖ್ ನುಡಿಸಿದಾಗ ಬಳಸಿದ ಬಿಡಿ ಪಾರ್ಟುಗಳೂ ಉಳಿದಿಲ್ಲ. ಇದು ಸಂಕಟದ ಸಂಗತಿ. 1750ರಲ್ಲಿ ಬಾಖ್ ತೀರಿಕೊಂಡ ಮೇಲೆ ಕೋರಲ್ ಕ್ಯಾಂಟಾಟಾಗಳ 44 ಕಟ್ಟು ಪಾರ್ಟುಗಳು ಹೆಂಡತಿ ಆನಾ ಮಗ್ದಲೇನಾ ಮೂಲಕ ಬಾಖ್ ಕೆಲಸ ಮಾಡುತ್ತಿದ್ದ ಲೈಪ್‌ಜಿಗ್‌ನ ಥಾಮಸ್ ಶಾಲೆಗೆ ಸೇರಿ ಕ್ಷೇಮವಾಗಿ ಉಳಿದವು. ಅಂಥ ಅದೃಷ್ಟ ಇದಕ್ಕೆ ಒದಗಲಿಲ್ಲ.

ಉಳಿದಿರುವುದರಿಂದಲೇ ಕಥೆ ಕಟ್ಟಬೇಕು. ಬೇರು ಲೈಪ್‌ಜಿಗ್‌ಗೂ ಮುಂಚೆ ಬಾಖ್ ಕೆಲಸಕ್ಕಿದ್ದ ವೈಮಾರ್‌ನಲ್ಲಿದೆ. ಅಲ್ಲಿ ಸಾಲೊಮೊ ಫ್ರಾಂಕ್ ಎಂಬ ಕವಿಯ 1715ರ ಸಂಕಲನದಲ್ಲಿದ್ದ 'ಆಲೆಸ್, ವಾಸ್ ಫಾನ್ ಗಾಟ್ ಗೆಬೋರೆನ್' ಎಂಬ ಸಾಹಿತ್ಯಕ್ಕೆ ಬಾಖ್ ಸಂಗೀತ ಕೂಡಿಸಿದ್ದ. ಅದು ಈಸ್ಟರ್‌ಗೆ ಮುಂಚಿನ ಉಪವಾಸಕಾಲದ ಓಕುಲಿ (ಮೂರನೇ) ಭಾನುವಾರಕ್ಕೆಂದು ಬರೆದದ್ದು. 1723ರಲ್ಲಿ ಬಾಖ್ ಲೈಪ್‌ಜಿಗ್‌ಗೆ ಬಂದಾಗ ಅಲ್ಲಿನ ಚರ್ಚುಗಳಲ್ಲಿ ಉಪವಾಸಕಾಲದಲ್ಲಿ ವಾದ್ಯಸಹಿತ ಸಂಗೀತಕ್ಕೆ ಅವಕಾಶವೇ ಇರಲಿಲ್ಲ. ಒಳ್ಳೆಯ ಸಂಗೀತ ಪೆಟ್ಟಿಗೆಯಲ್ಲಿ ಕೊಳೆಯುವುದನ್ನು ಬಾಖ್ ಎಂದೂ ಸಹಿಸಿದವನಲ್ಲ. ಕೃತಿಯ ಕೊನೆಗೆ ಹೇಗೂ ಲೂಥರನ ಹಾಡಿನ ಎರಡನೇ ಚರಣ ಇತ್ತು. ಹಾಗಾಗಿ ಅದನ್ನು ಅಕ್ಟೋಬರ್ 31ರ ಸುಧಾರಣಾ ದಿನಕ್ಕೆ ಸರಿಸಿದ, ಮುಂದೆ ಹಾಡಿನ ನಾಲ್ಕೂ ಚರಣಗಳನ್ನು ಒಳಗೆ ತಂದ. ಈ ನಡುಘಟ್ಟದ ಸ್ವಹಸ್ತ ಸ್ಕೋರಿನ ತುಂಡುಗಳು ಮಾತ್ರ ಸಿಕ್ಕಿವೆ. ಸೇಂಟ್ ಪೀಟರ್ಸ್‌ಬರ್ಗ್, ಪ್ಯಾರಿಸ್, ಪ್ರಿನ್ಸ್‌ಟನ್, ಹೀಗೆ ಮೂರು ಊರುಗಳಿಗೆ ಹಂಚಿಹೋಗಿವೆ. ಆ ಘಟ್ಟದಲ್ಲಿ ಆರಂಭಕ್ಕೆ ಇದ್ದದ್ದು ಸರಳ ನಾಲ್ಕು ಧ್ವನಿಯ ಕೋರಲ್ ಅಷ್ಟೆ. ಇವತ್ತು ನಾವು ಬೆರಗಾಗುವ 228 ಬಾರ್‌ಗಳ ಭಾರೀ ಆರಂಭ ಆಮೇಲೆ ಬಂದದ್ದು.

ಆ ಅಂತಿಮ ರೂಪ ನಮಗೆ ಸಿಗುವುದು ಯೋಹಾನ್ ಕ್ರಿಸ್ಟೋಫ್ ಆಲ್ಟ್‌ನಿಕೋಲ್ ಮಾಡಿದ ನಕಲಿನಿಂದ. ಈತ 1744ರಿಂದ ಬಾಖ್‌ನ ಶಿಷ್ಯ, 1749ರಲ್ಲಿ ಬಾಖ್‌ನ ಮಗಳನ್ನು ಮದುವೆಯಾಗಿ ಅಳಿಯನಾದವನು. ಗುರುವಿನ ಮನೆಯಲ್ಲಿ ಓಡಾಡಿಕೊಂಡಿದ್ದವನ ಪ್ರತಿಗೆ ನಾನು ಹೆಚ್ಚಿನ ತೂಕ ಕೊಡುತ್ತೇನೆ.

ಮೊದಲ ಭಾಗದ ಸ್ವರ ಹಾಕುವಾಗ ಹೊಸ ಆವೃತ್ತಿಯನ್ನು ಈ ಪ್ರತಿಯ ಪಾಠದ ಜೊತೆ ಸಾಲುಸಾಲಾಗಿ ಹೋಲಿಸಿದೆ. ಬೇಸ್ ಬಿಟ್ಟು ಹಾಡುಗಾರರ ಸಾಲುಗಳು ಹಳೆಯ ಸಿ ಕ್ಲೆಫ್‌ಗಳಲ್ಲಿವೆ (ಯಾವ ಗೆರೆ ಯಾವ ಸ್ವರ ಎಂದು ಹೇಳುವ ಚಿಹ್ನೆಯೇ ಕ್ಲೆಫ್). ಸೊಪ್ರಾನೊ, ಆಲ್ಟೊ, ಟೆನರ್ ಒಂದೊಂದಕ್ಕೂ ಕ್ಲೆಫ್ ಬೇರೆ ಗೆರೆಯ ಮೇಲೆ ಕೂರುತ್ತದೆ, ಅಭ್ಯಾಸವಿಲ್ಲದಿದ್ದರೆ ಕಣ್ಣು ಸೋಲುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆಳಗಿನ ಎರಡು ಸಾಲುಗಳು. ಸಾಮಾನ್ಯವಾಗಿ ಒಂದೇ ಸಾಲಿನಲ್ಲಿರುವ ಕಂಟಿನ್ಯುಯೋ, ಅಂದರೆ ಇಡೀ ಸಂಗೀತಕ್ಕೆ ಆಧಾರವಾದ ಮಂದ್ರದ ಸಾಲು, ಇಲ್ಲಿ ಎರಡಾಗಿದೆ: ಒಂದು ಚೆಲ್ಲೊ ಮತ್ತು ಹಾರ್ಪ್ಸಿಕಾರ್ಡ್‌ಗೆ, ಇನ್ನೊಂದು ವಯಲೋನೆ (ಡಬಲ್ ಬೇಸ್‌ನಂಥ ಹಳೆಯ ವಾದ್ಯ) ಮತ್ತು ಆರ್ಗನ್‌ಗೆ. ಮೇಲಿನ ತುದಿಯಲ್ಲಿ ಓಬೋ ಎಂಬ ಊದುವಾದ್ಯಗಳು ಲೂಥರನ ರಾಗವನ್ನು ಉದ್ದುದ್ದ ಸ್ವರಗಳಲ್ಲಿ ಎತ್ತಿಕೊಳ್ಳುತ್ತವೆ. ಅದರ ಬೆನ್ನಿಗೇ ಎಲ್ಲಕ್ಕಿಂತ ಕೆಳಗಿನ ಆ ಸಾಲು ಅದೇ ರಾಗವನ್ನು ಕ್ಯಾನನ್ ಆಗಿ, ಅಂದರೆ ಸ್ವಲ್ಪ ತಡವಾಗಿ ಹಾಗೆಯೇ ಮರುನುಡಿಸುತ್ತ, ಹಿಂಬಾಲಿಸುತ್ತದೆ. ನಾಲ್ಕು ಧ್ವನಿಗಳ ಹಾಡುಗಾರಿಕೆ ಈ ಎರಡು ಗೋಡೆಗಳ ನಡುವೆ ನಡೆಯುತ್ತದೆ. ಭದ್ರಕೋಟೆ ಎಂಬ ಮಾತನ್ನು ಬಾಖ್ ಸ್ವರಲಿಪಿಯಲ್ಲೇ ಕಟ್ಟಿ ನಿಲ್ಲಿಸಿದ್ದಾನೆ ಎಂದು ನಾನು ಮನಸಾರೆ ನಂಬುತ್ತೇನೆ.

ಈ ಪಾಠದಲ್ಲಿ ಟ್ರಂಪೆಟ್ ಎಲ್ಲೂ ಇಲ್ಲ.

ಹಾಗಾದರೆ ಅವು ಬಂದದ್ದು ಎಲ್ಲಿಂದ? ಹಿರಿಮಗ ವಿಲ್ಹೆಲ್ಮ್ ಫ್ರೀಡಮಾನ್ ಬಾಖ್‌ನಿಂದ. ಅಪ್ಪ ತೀರಿಕೊಂಡ ಮೇಲೆ ಆತ ಮೊದಲ ಮತ್ತು ಐದನೇ ಭಾಗಗಳನ್ನು ಮಾತ್ರ ತೆಗೆದುಕೊಂಡು, ಜರ್ಮನ್ ಮಾತುಗಳ ಜಾಗದಲ್ಲಿ ಲ್ಯಾಟಿನ್ ಸಾಹಿತ್ಯ ಕೂಡಿಸಿ, ಮೂರು ಟ್ರಂಪೆಟ್ ಮತ್ತು ಟಿಂಪನಿ ಸೇರಿಸಿದ. 'ಗೌದೇತೆ ಓಮ್ನೆಸ್ ಪೋಪುಲಿ' ಎಂದು ಶುರುವಾಗುವುದು ಅದೇ. 19ನೇ ಶತಮಾನದ ಸಂಪಾದಕರು ಈ ವಾದ್ಯಗಳನ್ನು ಎತ್ತಿ ಅಪ್ಪನ ಜರ್ಮನ್ ಕೃತಿಗೆ ಜೋಡಿಸಿದರು. ಎರಡು ಬೇರೆ ಬೇರೆ ಮೂಲಗಳು ಅಚ್ಚಿನಲ್ಲಿ ಒಂದಾದವು, ಮುಂದೆ ತಲೆಮಾರುಗಟ್ಟಲೆ ಹಾಗೆಯೇ ನುಡಿಸಿದರು. ನಮ್ಮ ಹಳಗನ್ನಡ ಕಾವ್ಯಗಳ ಸಂಪಾದನೆಯಲ್ಲಿ ಇಂಥದ್ದಕ್ಕೆ ಪ್ರಕ್ಷೇಪ ಎನ್ನುತ್ತಾರೆ. ಇಲ್ಲಿ ಸೇರಿಸಿದವನು ಯಾರೋ ಅನಾಮಧೇಯ ಪ್ರತಿಕಾರನಲ್ಲ, ಸ್ವತಃ ದೊಡ್ಡ ಸಂಗೀತಕಾರ. ಕೃತಿ ಡಿ ಮೇಜರ್‌ನಲ್ಲಿರುವುದರಿಂದ ಆ ಕಾಲದ ಟ್ರಂಪೆಟ್‌ಗೆ ಹೇಳಿ ಮಾಡಿಸಿದ ಶ್ರುತಿ. ಹೊರಗಿನಿಂದ ಬಂದದ್ದೆಂದು ಕಿವಿಗೆ ಅನ್ನಿಸುವುದೇ ಇಲ್ಲ, ಅದಕ್ಕೇ ಕಾಗದವನ್ನು ಕೇಳಬೇಕಾಯಿತು.

ನಾನು ಹೊಸ ಆವೃತ್ತಿಯನ್ನು ಹಿಡಿದೆ. ಕ್ವಾಯರಿನಲ್ಲಿ ಕೆಲವರಿಗೆ ಬೇಸರವಾಯಿತು. ಟ್ರಂಪೆಟ್ ಇಲ್ಲದ ಹಬ್ಬ ಎಂಥ ಹಬ್ಬ ಎಂದರು. ವಾದಕ್ಕೆ ಇಳಿಯದೆ ರಿಹರ್ಸಲ್‌ನಲ್ಲಿ ಮೊದಲ ಭಾಗವನ್ನು ಹಾಡಿಸದೆ ಬರೀ ಓಬೋ ಸಾಲನ್ನೂ ಕೆಳಗಿನ ಸಾಲನ್ನೂ ನುಡಿಸಿ ತೋರಿಸಿದೆವು. ಹಳೆಯ ಆವೃತ್ತಿಯಲ್ಲಿ ಮೊದಲ ಟ್ರಂಪೆಟ್ ಓಬೋಗಳ ರಾಗವನ್ನೇ ನುಡಿಸುತ್ತದೆ. ಆಗ ಮೇಲಿನ ತುದಿ ಹೊಳೆದು ಕೆಳಗಿನ ತುದಿ ಮಂಕಾಗುತ್ತದೆ, ಕ್ಯಾನನ್ ಅರ್ಧ ಮಾತ್ರ ಕೇಳಿಸುತ್ತದೆ. ಟ್ರಂಪೆಟ್ ತೆಗೆದಾಗ ಎರಡೂ ತುದಿ ಸಮನಾಗಿ ನಿಂತವು. ಇದಕ್ಕಾಗಿ ಡಬಲ್ ಬೇಸ್ ಮತ್ತು ಆರ್ಗನ್ ಪೆಡಲ್‌ಗೆ ಬೇರೆಯೇ ಪಾರ್ಟು ಅಚ್ಚುಹಾಕಿದೆ. ಇದೊಂದನ್ನು ಯಾರೂ ಬಿಡಬಾರದು ಎಂದು ಒತ್ತಿ ಹೇಳುತ್ತೇನೆ: ಎರಡು ಕಂಟಿನ್ಯುಯೋ ಸಾಲುಗಳನ್ನು ಒಬ್ಬ ಚೆಲ್ಲೊ ವಾದಕನ ಸ್ಟ್ಯಾಂಡಿನ ಮೇಲೆ ಒಟ್ಟಿಗೆ ಇಟ್ಟರೆ ಇಡೀ ಕಟ್ಟಡ ಕುಸಿಯುತ್ತದೆ. ಐದನೇ ಭಾಗದಲ್ಲಿ ಕ್ವಾಯರ್ ಪೂರ್ತಿ ಒಕ್ಕೊರಲಿನಲ್ಲಿ ರಾಗ ಹಿಡಿದು ನಡೆಯುವಾಗಲಂತೂ ತಂತಿವಾದ್ಯಗಳ ನೆಗೆತವೇ ಸಾಕಾಗಿತ್ತು.

ಫ್ರೀಡಮಾನ್‌ನ ಲ್ಯಾಟಿನ್ ರೂಪವನ್ನು ಮೂಲೆಗೆ ತಳ್ಳಿಲ್ಲ. ಅದನ್ನು ಟ್ರಂಪೆಟ್ ಸಮೇತ ಬೇರೆಯಾಗಿಯೇ ಹಾಡುವ ಇರಾದೆ ಇದೆ, ಕಾರ್ಯಕ್ರಮ ಪತ್ರಿಕೆಯಲ್ಲಿ ಅವನ ಹೆಸರಿನ ಕೆಳಗೆ.

ಸದ್ಯ ಮೇಜಿನ ಮೇಲಿರುವುದು 4ನೇ ಕ್ಯಾಂಟಾಟಾ, 'ಕ್ರಿಸ್ಟ್ ಲಾಗ್ ಇನ್ ಟೋಡೆಸ್‌ಬಾಂಡೆನ್'. ಅದರ ಸ್ಥಿತಿ ಇದಕ್ಕೆ ತಿರುಗುಮುರುಗು: ಬಾಖ್‌ನ ಯೌವನದ ಕೃತಿ, ಸ್ಕೋರ್ ಕಳೆದುಹೋಗಿದೆ, ಲೈಪ್‌ಜಿಗ್‌ನಲ್ಲಿ 1724 ಮತ್ತು 1725ರ ಈಸ್ಟರ್‌ಗೆಂದು ಬರೆಸಿದ ಪಾರ್ಟುಗಳು ಉಳಿದಿವೆ. ಅದರಲ್ಲಿ ಕಾರ್ನೆಟ್ಟೋ (ಮರದ ಹಳೆಯ ಊದುವಾದ್ಯ) ಮತ್ತು ಟ್ರಾಂಬೋನ್ ಪಾರ್ಟುಗಳು 1725ರಲ್ಲಿ ಸೇರಿದಂಥವು. ಸೇರಿಸಿದವನು ಈ ಸಲ ಬಾಖ್ ತಾನೇ, ಹಾಗಾಗಿ ಅವುಗಳನ್ನು ಇಟ್ಟುಕೊಂಡೇ ಪಾರ್ಟು ಬರೆಯುತ್ತಿದ್ದೇನೆ.