ಖಾಲಿ ಕುರ್ಚಿಗೆ ಹಣ ಕೊಟ್ಟು ಹಲ್ಲಿನ ದವಾಖಾನೆಯ ಭಯ ಕಳೆದುಕೊಂಡೆ: ನನ್ನ ಅನುಭವ

ಎಡಗಡೆಯ ಕೆಳದವಡೆಯ ಹಲ್ಲಿಗೆ ರೂಟ್ ಕೆನಾಲ್ (ಹಲ್ಲಿನೊಳಗಿನ ಕೆಟ್ಟ ನರ ತೆಗೆದು ತುಂಬುವ ಚಿಕಿತ್ಸೆ) ಆಗಿ, ಅದರ ಮೇಲೆ ಕ್ಯಾಪ್ ಕೂತು ಈಗ ವರ್ಷದ ಮೇಲಾಯಿತು. ಇದರಲ್ಲೇನು ದೊಡ್ಡಸ್ತಿಕೆ ಎಂದು ಕೇಳುವವರಿಗಾಗಿ ನಾನು ಇದನ್ನು ಬರೆಯುತ್ತಿಲ್ಲ. ಹಲ್ಲಿನ ದವಾಖಾನೆಯ ಬೋರ್ಡು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುವವರು, ಔಷಧಿ ಅಂಗಡಿಯವನಿಗೇ ದವಡೆ ತೋರಿಸಿ ಗುಳಿಗೆ ನುಂಗುವವರು, ಅಪಾಯಿಂಟ್‌ಮೆಂಟಿನ ದಿನವೇ ಜ್ವರ ಬರಿಸಿಕೊಳ್ಳುವವರು ನಮ್ಮ ಗದಗ-ಬೆಟಗೇರಿಯಲ್ಲೇ ಎಷ್ಟು ಜನರಿದ್ದಾರೆ ಎಂಬುದು, ನನ್ನ ಸುದ್ದಿ ಹರಡಿದ ಮೇಲೆ ನನ್ನ ಪ್ರಿಂಟಿಂಗ್ ಪ್ರೆಸ್ಸಿಗೆ ಬಂದು ಮೆಲುದನಿಯಲ್ಲಿ ವಿಚಾರಿಸಿದವರಿಂದ ತಿಳಿಯಿತು. ಅವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ. 

ನಾನು ಶಾಲೆಯಲ್ಲಿದ್ದಾಗ ಒಬ್ಬ ವೈದ್ಯರು ಜೋಮು ಹಿಡಿಯುವವರೆಗೂ ಕಾಯದೆ ನನ್ನ ಹಲ್ಲು ಕಿತ್ತಿದ್ದರು. ಆ ನೋವು ಈಗ ನೆನಪಿಲ್ಲ. ಇಬ್ಬರು ನನ್ನ ಎರಡೂ ಕೈಗಳನ್ನು ಒತ್ತಿ ಹಿಡಿದದ್ದು ಮಾತ್ರ ಚೆನ್ನಾಗಿ ನೆನಪಿದೆ. ಭಯ ಇರುವುದು ನೋವಿನದ್ದಲ್ಲ, "ಸಾಕು" ಎಂದರೂ ನಿಲ್ಲಿಸುವುದಿಲ್ಲ ಎಂಬುದರದ್ದು ಎಂಬ ಸಂಗತಿ ಅರ್ಥವಾಗಲು ನನಗೆ ಸುಮಾರು ಮೂವತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಸಾಕಷ್ಟು ರೊಕ್ಕವೂ ಹೋಯಿತು.

ಎಲ್ಲೆಲ್ಲಿ ಹೋಯಿತೆಂಬುದನ್ನು ಹೇಳಿಬಿಡುತ್ತೇನೆ. ನೋವಿನ ಗುಳಿಗೆ, ಲವಂಗದ ಎಣ್ಣೆ, ಜುಮ್ಮೆನ್ನುವ ಹಲ್ಲಿನ ಪೇಸ್ಟು, ಇವುಗಳಿಗೇ ವರ್ಷಕ್ಕೆ ಎರಡು ಮೂರು ಸಾವಿರ ಹೋಗುತ್ತಿತ್ತು. ಪೂರ್ತಿ ನಿದ್ದೆ ಬರಿಸಿ ಒಂದೇ ಸಲ ಎಲ್ಲ ಹಲ್ಲುಗಳ ಕೆಲಸ ಮುಗಿಸಿಬಿಡುತ್ತಾರೆಂದು ಕೇಳಿ ಬೆಂಗಳೂರಿನ ಒಂದು ಆಸ್ಪತ್ರೆಗೆ ಐದು ಸಾವಿರ ಮುಂಗಡ ಕೊಟ್ಟಿದ್ದೆ. ಒಟ್ಟು ನಲವತ್ತು ಸಾವಿರದ ಮೇಲಾಗುತ್ತದೆ ಎಂದಿದ್ದರು. ರೈಲಿನ ಟಿಕೆಟ್ ತೆಗೆಸಿದ ಮೇಲೆ ನಿದ್ದೆಯಲ್ಲಿದ್ದವನು ನಿಲ್ಲಿಸಿ ಎನ್ನುವುದಾದರೂ ಹೇಗೆ ಎಂಬ ಯೋಚನೆ ಹತ್ತಿ ಟಿಕೆಟ್ ರದ್ದು ಮಾಡಿಸಿದೆ, ಮುಂಗಡ ವಾಪಸ್ ಬರಲಿಲ್ಲ. ಹುಬ್ಬಳ್ಳಿಯಲ್ಲಿ ಮನಸ್ಸಿನ ತರಬೇತಿ ಕೊಡುವವರೊಬ್ಬರು ಆರು ಸಾವಿರದಷ್ಟು ತೆಗೆದುಕೊಂಡು ಕಣ್ಣು ಮುಚ್ಚಿಸಿ ಸಮುದ್ರದಂಡೆ ತೋರಿಸಿದರು. ಅವರ ಕೋಣೆಯಲ್ಲಿ ನಾನು ನಿಜಕ್ಕೂ ಶಾಂತನಾಗಿರುತ್ತಿದ್ದೆ, ದವಾಖಾನೆಯ ಮೆಟ್ಟಿಲ ಬಳಿ ಬಂದರೆ ಸಮುದ್ರವೂ ಇಲ್ಲ, ದಂಡೆಯೂ ಇಲ್ಲ. ಖರ್ಚು ಕಡಿಮೆ ಎಂದು ಒಂದು ದಂತ ಕಾಲೇಜಿಗೂ ಹೋಗಿ ನೋಡಿದೆ. ಅಲ್ಲಿ ಸಾಲಾಗಿ ಹಾಕಿದ ಕುರ್ಚಿಗಳಲ್ಲಿ ಹತ್ತಾರು ಯಂತ್ರಗಳು ಒಟ್ಟಿಗೆ ಕೂಗುತ್ತಿದ್ದುದರಿಂದ ಹೆಸರು ಬರೆಸುವ ಕಿಟಕಿಯಿಂದಲೇ ಹಿಂತಿರುಗಿದೆ. ಭಯವಿಲ್ಲದವರಿಗೆ ಕಾಲೇಜು ಉತ್ತಮ, ನಮ್ಮಂಥವರು ಅಲ್ಲಿಂದ ಶುರುಮಾಡಬಾರದು. ಗೆಳೆಯರ ಸಲಹೆಯಂತೆ ಎರಡು ಪೆಗ್ ಹಾಕಿಕೊಂಡು ಹೋದದ್ದೂ ಉಂಟು. ವಾಸನೆ ಹತ್ತಿದ ಕೂಡಲೇ ವೈದ್ಯರು ಎಬ್ಬಿಸಿ ಕಳಿಸಿದರು, ಅವರು ಮಾಡಿದ್ದೇ ಸರಿ.

ಹಂತಹಂತವಾಗಿ ಭಯ ಬಿಡಿಸಿಕೊಳ್ಳುವ ವಿಧಾನ ಹೊಸದೇನಲ್ಲ, ನಿಮ್ಮಲ್ಲಿ ಅನೇಕರು ಅದನ್ನು ಮಾಡಿ ಕೈಬಿಟ್ಟಿರಬಹುದು. ನಾನೂ ಮುಳಗುಂದ ನಾಕಾದ ಕಡೆಯ ಒಂದು ದವಾಖಾನೆಯ ಮುಂದೆ ನಿಲ್ಲುವುದು, ಒಳಗಿನ ಬೆಂಚಿನ ಮೇಲೆ ಕೂಡುವುದು ಎಂದು ತಿಂಗಳುಗಟ್ಟಲೆ ಮಾಡಿದೆ. ಭಯ ಕಡಿಮೆಯಾಗುವ ಬದಲು ಹೆಚ್ಚಾಯಿತು. ಕಾರಣವಿಷ್ಟೇ: ಎದೆ ಹೊಡೆದುಕೊಳ್ಳಲು ಶುರುವಾದ ಗಳಿಗೆಗೇ ನಾನು ಎದ್ದು ಹೊರಗೆ ಬರುತ್ತಿದ್ದೆ. ಹೊರಗೆ ಬಂದ ತಕ್ಷಣ ಹಾಯೆನಿಸುತ್ತಿತ್ತು, ಆ ಹಾಯಿ ನನ್ನ ಮನಸ್ಸಿಗೆ "ಓಡಿ ಬಂದದ್ದರಿಂದಲೇ ಬದುಕಿದೆ" ಎಂಬ ಪಾಠವನ್ನು ಪ್ರತಿ ಸಲವೂ ಗಟ್ಟಿಮಾಡಿಸುತ್ತಿತ್ತು. ಭಯ ಏರಿದಾಗ ಏಳಬಾರದು, ಏರಿದ ಭಯ ತಾನಾಗಿ ಇಳಿದ ಮೇಲೆ ಏಳಬೇಕು. ಆದರೆ ಇಳಿಯಿತೋ ಇಲ್ಲವೋ ಎಂಬುದನ್ನು ಭಯಗೊಂಡವನೇ ತೀರ್ಮಾನಿಸಿದರೆ ಅವನು ತನಗೆ ಬೇಕಾದ ಹಾಗೆ ತೀರ್ಮಾನಿಸುತ್ತಾನೆ.

ಇಲ್ಲಿಯೇ ಕೊರೊನಾ ಕಾಲದಲ್ಲಿ ಕೊಂಡು ಕಪಾಟಿನಲ್ಲಿ ಬಿದ್ದಿದ್ದ ಆಕ್ಸಿಮೀಟರ್ ಉಪಯೋಗಕ್ಕೆ ಬಂತು. ಬೆರಳಿಗೆ ಸಿಕ್ಕಿಸಿದರೆ ನಾಡಿಯ ಲೆಕ್ಕವನ್ನೂ ಅದು ತೋರಿಸುತ್ತದೆ. ಮನೆಯಲ್ಲಿ ನನ್ನದು ಎಪ್ಪತ್ತೆಂಟು ಎಂಬತ್ತು ಇರುತ್ತಿತ್ತು, ದವಾಖಾನೆಯ ಬೆಂಚಿನ ಮೇಲೆ ನೂರಾ ಇಪ್ಪತ್ತು ದಾಟುತ್ತಿತ್ತು. ತೊಂಬತ್ತಕ್ಕಿಂತ ಕೆಳಗಿಳಿದು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುವವರೆಗೆ ಏಳಕೂಡದು ಎಂದು ನಿಯಮ ಹಾಕಿಕೊಂಡೆ. ಮೊದಲ ಸಲ ಹಾಗೆ ಇಳಿಯಲು ಅರ್ಧ ಗಂಟೆಯ ಮೇಲೆ ಬೇಕಾಯಿತು, ಆಮೇಲಾಮೇಲೆ ಹತ್ತು ನಿಮಿಷಕ್ಕೆ ಬಂತು. ನನ್ನ ತಮ್ಮ ಇದನ್ನು ಹುಚ್ಚಾಟವೆಂದ. ಅವನ ಹಲ್ಲಿನ ಸ್ಥಿತಿ ಈಗ ಹೇಗಿದೆ ಎಂದು ನಾನು ಕೇಳಲು ಹೋಗುವುದಿಲ್ಲ.

ಬೆಂಚಿನಿಂದ ಕುರ್ಚಿಗೆ ಹೋಗುವುದೇ ನಿಜವಾದ ಕಷ್ಟ, ಏಕೆಂದರೆ ಕುರ್ಚಿಯಲ್ಲಿ ಕೂತವನನ್ನು ಯಾವ ವೈದ್ಯರೂ ಸುಮ್ಮನೆ ಬಿಡುವುದಿಲ್ಲ. ಆದ್ದರಿಂದ ಸುಮ್ಮನೆ ಬಿಡುವುದಕ್ಕೇ ಹಣ ಕೊಡಲು ನಿರ್ಧರಿಸಿದೆ. ಅಲ್ಲಿಯ ವೈದ್ಯೆ ನನ್ನನ್ನು ಬೆಂಚಿನ ಮೇಲೆ ನೋಡಿ ನೋಡಿ ಕೊನೆಗೊಮ್ಮೆ, "ಸರ, ನೀವು ಹಲ್ಲು ತೋರ್ಸಾಕ ಬಂದೀರೋ, ದವಾಖಾನಿ ನೋಡಾಕ ಬಂದೀರೋ?" ಎಂದು ಕೇಳಿದರು. "ಇವತ್ತ ಬರೇ ಕುರ್ಚಿ ಮೇಡಂ. ಬಾಯಿ ತೆರಿಯಂಗಿಲ್ಲ. ರೊಕ್ಕ ಮಾತ್ರ ಪೂರಾ ಕೊಡ್ತೀನಿ" ಎಂದೆ. ಅವರು ನಕ್ಕರು, ಆದರೆ ಒಪ್ಪಿದರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಗಳಿರದ ಹೊತ್ತಿನಲ್ಲಿ ಕಾಲು ಗಂಟೆಗೆ ಮುನ್ನೂರು ರೂಪಾಯಿಯೆಂದು ಮಾತಾಯಿತು. ಅವರು ಮೊದಲು ಕೇಳಿದ್ದು ಇದಕ್ಕಿಂತ ಹೆಚ್ಚು. ಹೇಗೆ ಇಳಿಸಿದೆ ಎಂಬುದು ನನ್ನ ವ್ಯಾಪಾರದ ಗುಟ್ಟು. "ಹಲ್ಲಿಗೆ ಕೊಡೂ ರೊಕ್ಕ ಕುರ್ಚಿಗೆ ಕೊಟ್ಟ ಬಂದ್ರಿ?" ಎಂದು ಮನೆಯವಳು ರಾತ್ರಿಯೆಲ್ಲ ಗೊಣಗಿದಳು.

ಮೊದಲು ಕುರ್ಚಿ ನೆಟ್ಟಗೆ ಇಟ್ಟುಕೊಂಡು ಕೂತೆ, ನಂತರ ಹಿಂದಕ್ಕೆ ಮಲಗಿಸಿಕೊಂಡು, ಆಮೇಲೆ ಮೇಲಿನ ದೀಪ ಹಚ್ಚಿಸಿಕೊಂಡು ಕೂತೆ. ಕನ್ನಡಿಯೊಂದನ್ನೇ ಬಾಯೊಳಗೆ ಬಿಡಿಸಿಕೊಂಡದ್ದು ಎಷ್ಟೋ ದಿನಗಳ ಮೇಲೆ. ಯಂತ್ರದ ಹಂತದಲ್ಲಿ ನಾಡಿ ಪುನಃ ನೂರಾ ಇಪ್ಪತ್ತಕ್ಕೆ ಹೋಯಿತು. ಏರೋಟರ್ ಎಂಬ, ಹಲ್ಲು ಕೊರೆಯುವ ಆ ಯಂತ್ರ ನಿಮಿಷಕ್ಕೆ ಮೂರು ನಾಲ್ಕು ಲಕ್ಷ ಸುತ್ತು ತಿರುಗುವುದರಿಂದಲೇ ಅಷ್ಟು ಕಿರಿಚುತ್ತದೆ. ಅದನ್ನು ಬಾಯಿಯ ಹತ್ತಿರ ತಾರದೆ ಗಾಳಿಯಲ್ಲೇ ಓಡಿಸಿ ಎಂದು ಕೇಳಿಕೊಂಡೆ. ಹಾಗೆ ಓಡಿಸುತ್ತಿದ್ದಾಗ ಗೋಡೆಯ ಆಚೆ ಗಾಳಿ ಒತ್ತಿ ತುಂಬುವ ಕಂಪ್ರೆಸರ್ "ಖಡ್" ಎಂದು ಚಾಲೂ ಆಯಿತು. ಗಾಳಿ ತುಂಬಿ ನಿಂತಾಗ ಅದು ಬುಸ್ಸೆಂದು ಉಸಿರು ಬಿಡುವ ಸದ್ದು ನನ್ನ ಪ್ರೆಸ್ಸಿನಲ್ಲಿ ದಿನವಿಡೀ ಕೇಳುವ ಸದ್ದೇ ಆಗಿತ್ತು. ಆ ವೈದ್ಯೆಯ ಯಂತ್ರ ತಿರುಗುವುದು ನನ್ನಲ್ಲಿರುವಂಥದೇ ಕಂಪ್ರೆಸರಿನ ಗಾಳಿಯಿಂದ; ಕಾಲಿನಡಿಯ ಪೆಡಲ್ ಬಿಟ್ಟರೆ ಗಾಳಿ ಕಡಿದು ಅದು ಕ್ಷಣದಲ್ಲಿ ನಿಲ್ಲುತ್ತದೆ. ಯಂತ್ರದ ನಡುವೆಯೇ ಬೆಳೆದವನಿಗೆ ಇದು ತಿಳಿದ ಮೇಲೆ ಅರ್ಧ ಭಯ ಹೋಯಿತು. ಪಾಲಿಶ್ ಮಾಡುವ ಬ್ರಷ್ಷನ್ನು ಮೊದಲು ನನ್ನ ಹೆಬ್ಬೆರಳ ಉಗುರಿನ ಮೇಲೆ ತಿರುಗಿಸಿ ತೋರಿಸಿದ್ದೂ, ಉಗುಳು ಎಳೆಯುವ ನಳಿಕೆಯನ್ನು ನನ್ನ ಕೈಗೇ ಕೊಟ್ಟದ್ದೂ ಬಹಳ ಉಪಯೋಗವಾಯಿತು. ಬಾಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆಂಬ ಅಂಜಿಕೆ ಇದ್ದವರು ಆ ನಳಿಕೆಯನ್ನು ಕೇಳಿ ಪಡೆಯಬೇಕು. ರೂಟ್ ಕೆನಾಲಿನ ದಿನ ಹಲ್ಲಿನ ಸುತ್ತ ಕಟ್ಟುವ ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆಗೂ ಹೆದರಬೇಕಾಗಿಲ್ಲ, ಅದು ನೀರನ್ನೂ ಚೂರುಗಳನ್ನೂ ಗಂಟಲಿಗೆ ಬಿಡುವುದಿಲ್ಲ.

ನಡುವೆ ಸಂಗೀತದ ಪ್ರಯೋಗ ಮಾಡಿದೆ. ಗದುಗಿನವರಿಗೆ ಹಿಂದುಸ್ತಾನಿ ಸಂಗೀತದ ಹುಚ್ಚು ಹುಟ್ಟಿನಿಂದಲೇ ಬರುತ್ತದೆ, ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ಊರಲ್ಲವೇ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ವೈದ್ಯರ ಮಾತು ಕೇಳದೆ ಪ್ರತಿ ಸ್ಪರ್ಶಕ್ಕೂ ಬೆಚ್ಚುವಂತಾಯಿತು. ಒಂದೇ ಕಿವಿಗೆ ಹಾಕಿಕೊಂಡಾಗ ಕೆಲಸ ಮಾಡಿತು, ಅದೂ ನಾನು ಎಣಿಸಿದ ರೀತಿಯಲ್ಲಲ್ಲ. ವಿಲಂಬಿತ ಏಕತಾಲವೆಂಬ ನಿಧಾನ ತಾಳದ 12 ಮಾತ್ರೆಗಳ, ಅಂದರೆ ಎಣಿಕೆಗಳ, ಒಂದು ಆವರ್ತನ ತೀರ ನಿಧಾನಕ್ಕೆ ಹಾಡಿದರೆ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಹಿಡಿಯುತ್ತದೆ. ಆವರ್ತನದ ಮೊದಲ ಮಾತ್ರೆಯಾದ ಸಮ್ ಬಂದಾಗ ನಾನು ಎಡಗೈ ಎತ್ತುವುದು, ಎತ್ತಿದ ಕೂಡಲೇ ಅವರು ಯಂತ್ರ ನಿಲ್ಲಿಸುವುದು ಎಂದು ಒಪ್ಪಂದ ಮಾಡಿಕೊಂಡೆವು. ಎಷ್ಟೇ ಕಿರಿಕಿರಿಯಾಗಲಿ, ಸಮ್ಮಿನವರೆಗೆ ಮಾತ್ರ ಎಂದು ಗೊತ್ತಿದ್ದರೆ ತಡೆದುಕೊಳ್ಳಬಹುದು. ಕೆಲವು ಸಿಟ್ಟಿಂಗ್ ಆದ ಮೇಲೆ ಸಮ್ ಬಂದರೂ ಕೈ ಎತ್ತುವುದನ್ನು ಮರೆಯತೊಡಗಿದೆ. ಸಂಗೀತ ಬಾರದವರು ಅಂಕಿ ಎಣಿಸಿದರೂ ನಡೆಯುತ್ತದೆ. ನಾನು ಕೊನೆಯ ಸಿಟ್ಟಿಂಗುಗಳಲ್ಲಿ ತಾಳವನ್ನೂ ಬಿಟ್ಟು ಬೇರೊಂದನ್ನು ಎಣಿಸುತ್ತಿದ್ದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಕೆಲಸವನ್ನು ಯಾವ ಕ್ರಮದಲ್ಲಿ ಮಾಡಿಸಿಕೊಳ್ಳಬೇಕೆಂಬುದೂ ಮುಖ್ಯ. ಮೊದಲು ಸ್ಕೇಲಿಂಗ್ ಎಂಬ ಹಲ್ಲಿನ ಕಿಟ್ಟ ತೆಗೆಯುವ ಕೆಲಸ, ನಂತರ ಮೇಲುದವಡೆಯಲ್ಲಿ ಒಂದು ಸಣ್ಣ ಫಿಲ್ಲಿಂಗ್, ಕಟ್ಟಕಡೆಗೆ ಕೆಳದವಡೆಯ ರೂಟ್ ಕೆನಾಲ್. ಜೋಮಿನ ಸೂಜಿಯನ್ನು ಮೇಲುದವಡೆಗೆ ಹಲ್ಲಿನ ಪಕ್ಕದಲ್ಲೇ ಚುಚ್ಚಿದರೆ ಸಾಕಾಗುತ್ತದೆ, ಕೆಳಗಿನ ದವಡೆ ಹಲ್ಲಿಗೆ ಹಿಂದೆ ಆಳದಲ್ಲಿ ನರದ ಹತ್ತಿರ ಚುಚ್ಚಬೇಕು. ಮೊದಲು ಜೋಮಿನ ಜೆಲ್ ಹಚ್ಚಿ ಒಂದೆರಡು ನಿಮಿಷ ಬಿಟ್ಟು, ಔಷಧವನ್ನು ನಿಧಾನಕ್ಕೆ ತಳ್ಳಿದರೆ ಚುಚ್ಚಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಚುಚ್ಚಿದ ಮೇಲೆ ನನ್ನ ನಾಡಿ ಇದ್ದಕ್ಕಿದ್ದಂತೆ ನೂರು ದಾಟಿದಾಗ ಭಯ ಮರಳಿತೆಂದು ಗಾಬರಿಯಾದೆ. ಲಿಗ್ನೋಕೇನ್ ಎಂಬ ಆ ಜೋಮಿನ ಔಷಧದಲ್ಲಿ 80 ಸಾವಿರಕ್ಕೆ 1ರಷ್ಟು ಅಡ್ರಿನಲಿನ್ ಬೆರೆಸಿರುತ್ತಾರೆ, ಅದರಿಂದಲೇ ಎದೆ ಕೆಲವು ನಿಮಿಷ ಜೋರಾಗಿ ಹೊಡೆದುಕೊಳ್ಳಬಹುದು ಎಂದು ವೈದ್ಯೆ ತಿಳಿಸಿದರು. ಅವರು ಹೇಳಿದಂತೆಯೇ ಸ್ವಲ್ಪ ಹೊತ್ತಿನಲ್ಲಿ ಇಳಿಯಿತು. ಬಿಪಿ, ಹೃದಯದ ತೊಂದರೆ ಇದ್ದವರು ಈ ವಿಷಯವನ್ನು ಮೊದಲೇ ಹೇಳಬೇಕು. ತುಟಿ ಪೂರ್ತಿ ಜೋಮು ಹಿಡಿದು, ಹಲ್ಲಿಗೆ ತಣ್ಣನೆಯದನ್ನು ತಾಗಿಸಿ ನೋಡುವವರೆಗೆ ಯಂತ್ರ ಮುಟ್ಟಕೂಡದೆಂಬ ನನ್ನ ಷರತ್ತನ್ನು ಅವರು ಪಾಲಿಸಿದರು. ಜೋಮು ಇಳಿಯುವ ಮೊದಲು ಮಿರ್ಚಿ ಗಿರಮಿಟ್ಟಿಗೆ ಕೈ ಹಾಕಬೇಡಿ, ಕೆನ್ನೆಯನ್ನೂ ಕೂಡಿಸಿ ಅಗಿದುಬಿಡುತ್ತೀರಿ.

ಇದೆಲ್ಲ ನಡೆದದ್ದು ಹಲ್ಲು ತಣ್ಣಗಿದ್ದಾಗ. ಎಕ್ಸ್-ರೇ ನೋಡಿ, ಕೆಲವು ವಾರ ಕಾಯಬಹುದೆಂದು ವೈದ್ಯೆ ಹೇಳಿದ ಮೇಲೆಯೇ ನಾನು ಕುರ್ಚಿಯ ಆಟ ಆಡಿದೆ. ಸಿಡಿಯುತ್ತಿರುವ ಹಲ್ಲಿಗೆ, ಅದರಲ್ಲೂ ಕೆಳಗಿನ ದವಡೆ ಹಲ್ಲಿಗೆ, ಜೋಮಿನ ಔಷಧ ಸರಿಯಾಗಿ ಹತ್ತದೇ ಇರಬಹುದು. ನಾವು ಅಂಜುಬುರುಕರೆಲ್ಲ ನೋವು ತಾರಕಕ್ಕೇರಿದಾಗಲೇ ಹೋಗುತ್ತೇವಾದ್ದರಿಂದ ನಮಗೆ ಕೆಟ್ಟ ಅನುಭವವೇ ಆಗುತ್ತದೆ. ಮುಖ ಊದಿಕೊಂಡು, ಜ್ವರ ಬಂದು, ಬಾಯಿ ತೆರೆಯಲಾಗದಿದ್ದರೆ ಅಥವಾ ನುಂಗಲು ಕಷ್ಟವಾದರೆ ನನ್ನ ಹಂತಗಳನ್ನೆಲ್ಲ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು; ಕೀವು ಗಂಟಲಿಗಿಳಿದರೆ ಜೀವಕ್ಕೇ ಅಪಾಯ.

ಖರ್ಚಿನ ಲೆಕ್ಕ ನೆನಪಿನಿಂದಲೇ ಹೇಳಬೇಕು. ಖಾಲಿ ಕುರ್ಚಿಗೆ ಎಲ್ಲ ಸೇರಿ ಮೂರು ಸಾವಿರದಷ್ಟು, ಸ್ಕೇಲಿಂಗಿಗೆ ಎಂಟುನೂರು, ಫಿಲ್ಲಿಂಗಿಗೆ ಸಾವಿರದ ಆಸುಪಾಸು, ರೂಟ್ ಕೆನಾಲಿಗೆ ನಾಲ್ಕೂವರೆ, ಕ್ಯಾಪಿಗೆ ಆರು ಸಾವಿರ. ಬೆಂಗಳೂರಿನವರು ಹೇಳಿದ್ದರ ಅರ್ಧವೂ ಆಗಲಿಲ್ಲ. ಕ್ಯಾಪಿನ ಅಳತೆ ತೆಗೆಯುವಾಗ ವಾಂತಿ ಬಂದಂತಾದರೆ ಒಂದು ಕಾಲನ್ನು ಸ್ವಲ್ಪ ಮೇಲೆತ್ತಿ ಹಿಡಿಯಿರಿ ಎಂದು ವೈದ್ಯೆ ಹೇಳಿದ್ದರು. ಗಮನವೆಲ್ಲ ಕಾಲಿಗೆ ಹೋಗಿ ಅಳತೆ ಸಲೀಸಾಗಿ ಮುಗಿಯಿತು. ಕಡೆಯ ಸಿಟ್ಟಿಂಗಿನಲ್ಲಿ ನಾನು ಗೊರಕೆ ಹೊಡೆದೆನೆಂದು ಅಲ್ಲಿಯ ಸಹಾಯಕಿ ಈಗಲೂ ಹೇಳುತ್ತಾಳೆ. ಅದೇ ವೈದ್ಯೆ ಈಗ ಅಂಜುವ ರೋಗಿಗಳಿಗೆ ಮಧ್ಯಾಹ್ನದ ಖಾಲಿ ಕುರ್ಚಿಯನ್ನು ತಾವಾಗಿಯೇ ಕೊಡುತ್ತಿದ್ದಾರೆ, ದರ ಮಾತ್ರ ಏರಿಸಿದ್ದಾರೆ.

ರಾಣೆಬೆನ್ನೂರಿನಲ್ಲಿರುವ ನಮ್ಮ ಅಳಿಯ ಈ ದಾರಿಯಲ್ಲಿ ಕನ್ನಡಿಯ ಹಂತದವರೆಗೆ ಬಂದು, ಬೀಜದ ವ್ಯಾಪಾರದ ಗಡಿಬಿಡಿಯಲ್ಲಿ ತಿಂಗಳೊಪ್ಪತ್ತು ಬಿಟ್ಟು, ಪುನಃ ಹೋದಾಗ ಬಾಗಿಲಲ್ಲೇ ಬೆವರಿದನಂತೆ. ಎರಡು ಸಲದ ನಡುವೆ ವಾರ, ಹೆಚ್ಚೆಂದರೆ ಹತ್ತು ದಿನಕ್ಕಿಂತ ಅಂತರ ಬಿಡಬಾರದು. ಬಿಟ್ಟರೆ ನಿಂತ ಮೆಟ್ಟಿಲಿನಿಂದ ಒಂದು ಕೆಳಗಿಳಿದು ಶುರುಮಾಡಬೇಕೆಂದು ಅವನಿಗೆ ಹೇಳಿದ್ದೇನೆ, ಬರುವ ಸೋಮವಾರಕ್ಕೆ ಬೆಂಚಿನ ಮೇಲೆ ಕೂಡಲು ಹೊರಟಿದ್ದಾನೆ.