ಆಮೆಯ ಗೂಡಿಗೆ ಯುವಿ ಟ್ಯೂಬ್: ಅಳತೆ ಚಿಪ್ಪಿನ ಮಟ್ಟದಲ್ಲಿ

ಬಿಸಿಲಿಗೆ ಬರವಿಲ್ಲದ ದಾವಣಗೆರೆಯಲ್ಲಿ ಆಮೆಗೆ ದುಡ್ಡು ಕೊಟ್ಟು ಯುವಿ (ನೇರಳಾತೀತ ಕಿರಣದ) ದೀಪ ಯಾಕೆ ಅಂತ ಕೇಳುವವರು ಸರಿಯಾಗಿಯೇ ಕೇಳುತ್ತಾರೆ. ಅಂಗಳ ಇದ್ದು, ಬೆಳಗ್ಗೆ ಎಂಟರಿಂದ ಹತ್ತರವರೆಗೆ ನೇರ ಬಿಸಿಲು ಬಿದ್ದು, ಪಕ್ಕದಲ್ಲೇ ನೆರಳೂ ಸಿಕ್ಕರೆ ಬೆಳೆದ ಆಮೆಗೆ ವರ್ಷದ ಬಹುಪಾಲು ದೀಪದ ಹಂಗಿಲ್ಲ. ನಮ್ಮದು 14 ಡಿಗ್ರಿ ಚಿಲ್ಲರೆ ಅಕ್ಷಾಂಶ; ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಬೇಸಿಗೆಯ ಮಟಮಟ ಮಧ್ಯಾಹ್ನ ಯುವಿ ಸೂಚ್ಯಂಕ, ಅಂದರೆ ಯುವಿ ಎಷ್ಟು ಜೋರು ಅನ್ನುವ ಅಂಕಿ, 11 ದಾಟುತ್ತದೆ. ದೀಪ ಬೇಕಾಗುವುದು ಕಾಗೆ, ಬೆಕ್ಕಿನ ಭಯಕ್ಕೆ ಒಳಗೇ ಇಡುವ ಮರಿಗಳಿಗೆ, ಅಪಾರ್ಟ್‌ಮೆಂಟಿನಲ್ಲಿ ಸಾಕುವವರಿಗೆ, ಆಮೇಲೆ ಮಳೆಗಾಲದ ಮೋಡದ ದಿನಗಳಿಗೆ.

ಕಿಟಕಿ ಪಕ್ಕದ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗಾಜು, ಅಕ್ರಿಲಿಕ್, ಪಾಲಿಕಾರ್ಬೊನೇಟ್ ಶೀಟು ಬೆಳಕು, ಶಾಖ ಎರಡನ್ನೂ ಬಿಡುತ್ತವೆ. ಸುಣ್ಣದಂಶ ಮೈಗೆ ಹತ್ತಲು ಬೇಕಾದ ಡಿ3 ವಿಟಮಿನ್ ಅನ್ನು ಚರ್ಮದಲ್ಲಿ ತಯಾರಿಸುವ ಯುವಿ-ಬಿ ಕಿರಣವನ್ನು, ಅಂದರೆ 315 ನ್ಯಾನೋಮೀಟರಿಗಿಂತ ಕೆಳಗಿನದನ್ನು, ಹೆಚ್ಚುಕಡಿಮೆ ಪೂರ್ತಿ ತಡೆಯುತ್ತವೆ. ಗಾಜಿನ ಅಕ್ವೇರಿಯಮ್ಮನ್ನು ಹಾಗೇ ಬಿಸಿಲಿಗೆ ಇಡುವುದಂತೂ ಆಮೆಯನ್ನು ಬೇಯಿಸಿದಂತೆ.

ಯಾವ ಆಮೆ ಅನ್ನುವುದೂ ಮುಖ್ಯ. ನಕ್ಷತ್ರ ಆಮೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ, ಅದಕ್ಕೆ ದೀಪದ ಸಲಹೆ ನಾನು ಕೊಡುವುದಿಲ್ಲ. ಇಲ್ಲಿ ಹೇಳುವುದೆಲ್ಲ ಆಫ್ರಿಕಾದ ಸುಲ್ಕಾಟಾ ಮತ್ತು ದಕ್ಷಿಣ ಅಮೆರಿಕದ ರೆಡ್‌ಫುಟ್ ಆಮೆಗಳ ಲೆಕ್ಕ. ಇವನ್ನೂ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಿರಬೇಕು.

ನಾನು ಬಳಸುವುದು ಟಿ5 ಎಚ್‌ಒ ಟ್ಯೂಬ್, ಅಂದರೆ ಸಪೂರ, ಹೆಚ್ಚು ಪ್ರಖರದ (ಹೈ ಔಟ್‌ಪುಟ್) ಟ್ಯೂಬ್‌ಲೈಟು. ಸುಲ್ಕಾಟಾಗೆ ಆರ್ಕೇಡಿಯಾ ಕಂಪನಿಯ 12 ಪರ್ಸೆಂಟಿನದು ಅಥವಾ ಝೂ ಮೆಡ್ ಕಂಪನಿಯ ರೆಪ್ಟಿಸನ್ 10.0; ಆಯಾ ಕಂಪನಿಯ ಈ ಅಂಕಿ ಹೆಚ್ಚಿದಷ್ಟೂ ಯುವಿ-ಬಿ ಜೋರು. ಕಾಡಿನ ನೆರಳಿನ ಪ್ರಾಣಿಯಾದ ರೆಡ್‌ಫುಟ್‌ಗೆ 6 ಪರ್ಸೆಂಟಿನದು ಅಥವಾ 5.0 ಸಾಕು. ಸುರುಳಿ ಬಲ್ಬು ಅಗ್ಗ, ಆದರೆ ಅದರ ಯುವಿ ಒಂದು ಸಣ್ಣ ಜಾಗಕ್ಕಷ್ಟೇ ಬೀಳುತ್ತದೆ. ಆಮೆ ಒಂದು ಅಡಿ ಆಚೆ ಕೂತರೆ ಮುಗೀತು. ಶಾಖ, ಯುವಿ ಎರಡನ್ನೂ ಒಟ್ಟಿಗೆ ಕೊಡುವ ಮರ್ಕ್ಯುರಿ ವೇಪರ್ ಬಲ್ಬನ್ನು ಚಳಿ ದೇಶದವರು ಮೆಚ್ಚಿಕೊಳ್ಳಬಹುದು. ನಮ್ಮಲ್ಲಿ ಏಪ್ರಿಲ್‌ನಲ್ಲಿ ಕೋಣೆಯೇ 36–37 ಡಿಗ್ರಿ ಇರುವಾಗ ಶಾಖ ಆರಿಸಿ ಯುವಿ ಮಾತ್ರ ಉಳಿಸಿಕೊಳ್ಳಲು ಅದರಲ್ಲಿ ದಾರಿಯೇ ಇಲ್ಲ. ಥರ್ಮೋಸ್ಟಾಟ್‌ಗಾಗಲಿ ಡಿಮ್ಮರ್‌ಗಾಗಲಿ ಅದನ್ನು ಜೋಡಿಸುವಂತಿಲ್ಲ. ವೋಲ್ಟೇಜ್ ಒಂದು ಕ್ಷಣ ಕುಸಿದರೂ ಆರಿಹೋಗುತ್ತದೆ, ತಣ್ಣಗಾಗುವವರೆಗೆ ಮತ್ತೆ ಹೊತ್ತುವುದಿಲ್ಲ. ಅದಕ್ಕೇ ಶಾಖಕ್ಕೆ ಪಿಂಗಾಣಿ ಹೋಲ್ಡರಿನಲ್ಲಿ ಬೇರೆ ಹ್ಯಾಲೊಜೆನ್ ಬಲ್ಬು, ಅದರ ಸ್ವಿಚ್ಚೂ ಬೇರೆ.

ಇನ್ನೊಂದು ಅಪಾಯ ಹೆಸರಿನದು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ‘ಯುವಿ ಟ್ಯೂಬ್ ಕೊಡಿ’ ಅಂದರೆ ವಾಟರ್ ಪ್ಯೂರಿಫೈಯರಿನ ಟ್ಯೂಬ್ ತೆಗೆದುಕೊಟ್ಟಾರು. ಅದು 254 ನ್ಯಾನೋಮೀಟರಿನ ಯುವಿ-ಸಿ. ಆಮೆಯ ಕಣ್ಣು, ಚರ್ಮ ಸುಡುತ್ತದೆ, ನಿಮ್ಮದನ್ನೂ ಬಿಡುವುದಿಲ್ಲ. ನೋಟು ಪರೀಕ್ಷಿಸುವ ನೇರಳೆ ಎಲ್‌ಇಡಿ ಬರೀ ಯುವಿ-ಎ, ಡಿ3 ತಯಾರಿಗೆ ಉಪಯೋಗಕ್ಕೆ ಬಾರದು.

ಟ್ಯೂಬ್ ತರಿಸಿ, ‘ಪಟ್ಟಿ (ಟ್ಯೂಬ್ ಕೂರಿಸುವ ಫಿಟ್ಟಿಂಗ್) ಇಲ್ಲೇ ಸಿಗುತ್ತದಲ್ಲ’ ಅಂತ ಹೊರಡುವವರು ಸಾಮಾನ್ಯವಾಗಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಟಿ5 ಟ್ಯೂಬಿನಲ್ಲಿ ಉದ್ದ ಒಂದೇ ಇದ್ದು ವ್ಯಾಟ್ ಎರಡಿರುತ್ತದೆ. 549 ಮಿಲಿಮೀಟರಿನದು ಎಚ್‌ಒ ಆದರೆ 24 ವ್ಯಾಟ್, ಸಾಧಾರಣದ್ದಾದರೆ 14. 849ರದ್ದು 39 ಮತ್ತು 21. 1149ರದ್ದು, ನಾವು ನಾಲ್ಕಡಿ ಅನ್ನುವುದು, 54 ಮತ್ತು 28. ಹಳೆಯ 28 ವ್ಯಾಟಿನ ಮನೆ ಪಟ್ಟಿಗೆ 54 ವ್ಯಾಟಿನ ಯುವಿ ಟ್ಯೂಬ್ ಸಲೀಸಾಗಿ ಕೂರುತ್ತದೆ, ಹೊತ್ತಲೂಬಹುದು. ಆದರೆ ಒಳಗಿನ ಎಲೆಕ್ಟ್ರಾನಿಕ್ ಚೋಕ್ ಕೊಡುವ ಕರೆಂಟು ಅರ್ಧಕ್ಕಿಂತಲೂ ಕಡಿಮೆ, ಯುವಿಯೂ ಹಾಗೇ ಕುಸಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಚೋಕ್ ಮೇಲಿನ ಚೀಟಿ ಓದಿ: ಟ್ಯೂಬಿನದೇ ವ್ಯಾಟ್, 220–240 ವೋಲ್ಟ್, 50 ಹರ್ಟ್ಝ್ ಇರಬೇಕು. ಅಮೆರಿಕದಿಂದ ಯಾರೋ ತಂದುಕೊಟ್ಟ 120 ವೋಲ್ಟಿನ ಪಟ್ಟಿಯನ್ನು ನೇರ ಪ್ಲಗ್ಗಿಗೆ ಹಾಕಿದರೆ ಹೊಗೆ ಗ್ಯಾರಂಟಿ. ಈಗ ಎಲ್ಲ ಕಡೆ ಸಿಗುವ ಎಲ್‌ಇಡಿ ಪಟ್ಟಿಗೆ ಈ ಟ್ಯೂಬ್ ಆಗುವುದೇ ಇಲ್ಲ.

ಟ್ಯೂಬಿನ ಹಿಂದೆ ಹೊಳಪು ಅಲ್ಯೂಮಿನಿಯಂ ರಿಫ್ಲೆಕ್ಟರ್ ಇರಲೇಬೇಕು; ಕೆಳಗೆ ಬೀಳುವ ಯುವಿ ಅದರಿಂದ ಸುಮಾರು ಇಮ್ಮಡಿಯಾಗುತ್ತದೆ. ಬಿಳಿ ಪೇಂಟ್ ಬಳಿದ ತಗಡು ಆ ಕೆಲಸ ಮಾಡದು. ಬಿಳಿ ಬಣ್ಣದೊಳಗಿನ ಟೈಟಾನಿಯಂ ಡೈಆಕ್ಸೈಡ್ ಕಾಣುವ ಬೆಳಕನ್ನು ಹಿಂದಕ್ಕೆ ಎಸೆದು ಯುವಿಯನ್ನು ನುಂಗುತ್ತದೆ. ತಗಡಿನ ಪಟ್ಟಿಗೆ ಅರ್ಥಿಂಗ್ ಕೊಟ್ಟಿರಿ, ಕೆಳಗೆ ನೀರಿನ ತಟ್ಟೆ ಇರುತ್ತದೆ.

ನನ್ನ ಗೂಡು ಮೇಲೆ ತೆರೆದ ಪ್ಲೈವುಡ್ ಪೆಟ್ಟಿಗೆ, ಆರಡಿ ಉದ್ದ, ಮೂರಡಿ ಅಗಲ. ಟ್ಯೂಬ್ ನಾಲ್ಕಡಿಯದು, ಉದ್ದಕ್ಕೆ ಮಲಗಿಸಿ ಶಾಖದ ಬಲ್ಬು ಇರುವ ತುದಿಗೆ ಸರಿಸಿದ್ದೇನೆ. ಉಳಿದ ಎರಡಡಿ ನೆರಳು, ಅಡಗುವ ಗೂಡೂ ಅಲ್ಲೇ. ಬೇಕಾದಾಗ ಬೆಳಕಿಗೆ ಬಂದು, ಸಾಕಾದಾಗ ಹೋಗುವ ಆಯ್ಕೆ ಆಮೆಗೇ ಇರಬೇಕು. ಶಾಖ, ಬೆಳಕು, ಯುವಿ ಮೂರೂ ಒಂದೇ ಜಾಗದಲ್ಲಿ ಬೀಳಬೇಕು. ಯುವಿ ತಾಗಿ ಚರ್ಮದಲ್ಲಿ ಹುಟ್ಟುವ ವಸ್ತು ಡಿ3 ಆಗಿ ಮಾರ್ಪಡಲು ಮೈ ಬೆಚ್ಚಗಿರಬೇಕು. ಯುವಿ ಒಂದು ಮೂಲೆ, ಶಾಖ ಇನ್ನೊಂದು ಮೂಲೆ ಆದರೆ ಆಮೆ ಶಾಖವನ್ನೇ ಆರಿಸಿಕೊಳ್ಳುತ್ತದೆ.

ಟ್ಯೂಬ್ ನೆತ್ತಿಯ ಮೇಲೇ ಇರಲಿ, ಪಕ್ಕದ ಗೋಡೆಗೆ ಬೇಡ. ಆಮೆಯ ಕಣ್ಣಿಗೆ ಮೇಲಿನಿಂದ ಹುಬ್ಬಿನ ದಿಂಡು ನೆರಳು ಕೊಡುತ್ತದೆ. ಪಕ್ಕದಿಂದ ಬರುವ ಯುವಿ ನೇರ ಕಣ್ಣಿಗೆ ಹೊಡೆದು ರೆಪ್ಪೆ ಊದಿಸುತ್ತದೆ. ಸೊಳ್ಳೆ ಜಾಲರಿ ಅಡ್ಡ ಇದ್ದರೆ ಮೂರನೇ ಒಂದು ಭಾಗ ಅಥವಾ ಇನ್ನೂ ಹೆಚ್ಚು ಯುವಿ ಅಲ್ಲೇ ಹೋಗುತ್ತದೆ. ಬೆಕ್ಕಿಗಾಗಿ ಜಾಲರಿ ಬೇಕೇ ಬೇಕಾದರೆ ಟ್ಯೂಬನ್ನು ಅದರ ಒಳಬದಿಗೆ ಕಟ್ಟಿ.

ಎತ್ತರವೇ ಇಡೀ ಕೆಲಸದ ತಿರುಳು. ನೆಲದಿಂದ ಅಳೆಯಬಾರದು, ಚಿಪ್ಪಿನ ನೆತ್ತಿಯಿಂದ ಅಳೆಯಬೇಕು. ರಿಫ್ಲೆಕ್ಟರ್ ಇದ್ದು ಜಾಲರಿ ಇಲ್ಲದ 12 ಪರ್ಸೆಂಟಿನ ಟ್ಯೂಬನ್ನು ಮೊದಲು 18 ಇಂಚಿಗೆ ಕಟ್ಟಿ, ಅಲ್ಲಿ ಯುವಿ ಸೂಚ್ಯಂಕ 3ರ ಆಸುಪಾಸು ಬರಬೇಕು. 15 ಇಂಚಿಗೆ ಇಳಿಸಿದರೆ 4ರ ಸುತ್ತಮುತ್ತ. 12 ಇಂಚಿನೊಳಗೆ ನಾನು ಇಳಿಸುವುದಿಲ್ಲ. ಬಿಸಿಲು ಕಾಯುವ ಜಾಗದಲ್ಲಿ ಸುಲ್ಕಾಟಾಗೆ 3ರಿಂದ 5, ರೆಡ್‌ಫುಟ್‌ಗೆ 2ರಿಂದ 3, ನೆರಳಿನ ತುದಿಯಲ್ಲಿ ಇಬ್ಬರಿಗೂ ಸೊನ್ನೆ. ಕಟ್ಟಲು ಎರಡು ಕೊಕ್ಕೆ, ಎರಡು ತುಂಡು ಸರಪಳಿ ಒಳ್ಳೆಯದು; ಒಂದೊಂದು ಕೊಂಡಿ ಏರಿಸಿ ಇಳಿಸಬಹುದು. ಮರಿಯ ಚಿಪ್ಪು ಎರಡು ಇಂಚು ಎತ್ತರ ಇದ್ದದ್ದು ಎಂಟು ಇಂಚಾದಾಗ ಟ್ಯೂಬ್ ಅಲ್ಲೇ ಇದ್ದರೆ ಆರು ಇಂಚು ಹತ್ತಿರವಾದಂತೆ ಆಯಿತು. ಮಣ್ಣನ್ನು ದಿಬ್ಬ ಮಾಡಿಕೊಂಡು ಅದರ ಮೇಲೆ ಕೂರುವ ಚಟ ಇರುವ ಆಮೆಗೂ ಇದೇ ಲೆಕ್ಕ.

ಅಳತೆಗೆ ಯುವಿ ಸೂಚ್ಯಂಕ ತೋರಿಸುವ ಸೋಲಾರ್‌ಮೀಟರ್ 6.5 ಅನ್ನುವ ಮೀಟರ್. ದುಬಾರಿ, ಹಾಗಾಗಿ ಸಾಕುವ ನಾಲ್ಕು ಜನ ಸೇರಿ ಒಂದು ತರಿಸಿಕೊಂಡರೆ ಜಾಣತನ. ಬಣ್ಣ ಬದಲಿಸುವ ಯುವಿ ಕಾರ್ಡ್ ಯುವಿ-ಎಗೇ ಬಣ್ಣ ತಿರುಗುವುದರಿಂದ ನಂಬಬೇಡಿ. ಹೊಸ ಟ್ಯೂಬ್ ಮೊದಲ 100 ಗಂಟೆ ಹೆಚ್ಚು ಕಕ್ಕುತ್ತದೆ, ಅದಾದ ಮೇಲಿನ ಅಂಕಿಯೇ ನಿಜ. ಟ್ಯೂಬ್ ಅರ್ಧ ಗಂಟೆ ಉರಿಯಲು ಬಿಟ್ಟು, ಮೀಟರಿನ ಕಣ್ಣನ್ನು ನೇರ ಮೇಲಕ್ಕೆ ಮಾಡಿ, ಚಿಪ್ಪಿನ ಎತ್ತರದಲ್ಲಿ ಆರಾರು ಇಂಚಿಗೊಮ್ಮೆ ಓದುತ್ತೇನೆ. ಅಂಕಿಯನ್ನು ಅಲ್ಲೇ ಪೆಟ್ಟಿಗೆಯ ಒಳಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದುಬಿಟ್ಟರೆ ಮುಂದಿನ ಸಲ ಹೋಲಿಸಲು ಸುಲಭ. ಮೀಟರ್ ಇಲ್ಲದವರು 18 ಇಂಚಿಗೇ ನಿಲ್ಲಲಿ, 12 ತಿಂಗಳಿಗೆ ಟ್ಯೂಬ್ ಬದಲಿಸಲಿ. ಟ್ಯೂಬ್ ಬೆಳ್ಳಗೆ ಉರಿಯುತ್ತಲೇ ಇರುತ್ತದೆ, ಯುವಿ ಮಾತ್ರ ಸವೆದಿರುತ್ತದೆ. ಮೀಟರ್ ಇದ್ದವರು ಟ್ಯೂಬ್ ಬದಲಿಸಲು ನನ್ನ ಗೆರೆ ಅಂಕಿಯಲ್ಲಿ ಮೂರನೇ ಒಂದು ಭಾಗ ಕುಸಿತ. ಅಲ್ಲಿಯವರೆಗೆ ಒಂದೊಂದೇ ಕೊಂಡಿ ಇಳಿಸುತ್ತಾ ಸರಿದೂಗಿಸಬಹುದು. ನಮ್ಮ ಧೂಳಿಗೆ ವಾರಕ್ಕೊಮ್ಮೆ ದೀಪ ಆರಿಸಿ ಒಣಬಟ್ಟೆಯಲ್ಲಿ ಒರೆಸಬೇಕು.

ಟೈಮರ್ ಬೆಳಗ್ಗೆ ಎಂಟರಿಂದ ಸಂಜೆ ಆರಕ್ಕೆ. ಕರೆಂಟ್ ಹೋದರೆ ಹೋಗಲಿ, ಒಂದೆರಡು ದಿನ ಯುವಿ ತಪ್ಪಿದರೆ ಏನೂ ಆಗದು. ಇನ್ವರ್ಟರಿಗೆ ಜೋಡಿಸುವ ತಾಪತ್ರಯ ಬೇಡ. ಆದರೆ ಹಳೆಯ ಕಾಲದ ಮುಳ್ಳಿನ ಟೈಮರ್ ಕರೆಂಟ್ ಹೋದಷ್ಟು ಹೊತ್ತು ಹಿಂದೆ ಬೀಳುತ್ತದೆ, ನಾಲ್ಕು ದಿನ ಬಿಟ್ಟು ನೋಡಿದರೆ ಮಧ್ಯರಾತ್ರಿ ದೀಪ ಉರಿಯುತ್ತಿರುತ್ತದೆ. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ.

ದೀಪ ಹಾಕಿದ ಮೇಲೆ ಆಮೆ ಕಣ್ಣು ಮುಚ್ಚಿಕೊಂಡೇ ಓಡಾಡಿದರೆ ಅಥವಾ ಬೆಳಕಿನ ಬದಿಗೆ ಬರದೇ ಇದ್ದರೆ ಮೊದಲು ಶಾಖದ ಬಲ್ಬಿನ ಕೆಳಗಿನ ಕಲ್ಲಿನ ಉಷ್ಣತೆ ನೋಡಿ. ಅದು ಸುಲ್ಕಾಟಾಗೆ 35–38 ಡಿಗ್ರಿಯೊಳಗೆ ಇದ್ದರೆ ಆಗ ಟ್ಯೂಬ್ ಎರಡು ಇಂಚು ಏರಿಸಿ. ಕಣ್ಣು ಊದಿದ್ದರೆ ದೀಪ ಆರಿಸಿ ವೈದ್ಯರಿಗೆ ತೋರಿಸಿ. ಚಿಪ್ಪು ಅದುಮಿದರೆ ತಗ್ಗುವುದು, ಹಿಂಗಾಲು ಎಳೆಯುವುದು ಯುವಿ ಅಥವಾ ಸುಣ್ಣದಂಶ ಸಾಲದ ಲಕ್ಷಣ. ಆಗಲೂ ದೀಪ ಹತ್ತಿರ ತರುವುದು ಮದ್ದಲ್ಲ, ಪಶುವೈದ್ಯರಲ್ಲಿ ಎಕ್ಸ್‌ರೇ ಆಗಬೇಕು. ಚಿಪ್ಪು ಗೋಪುರ ಗೋಪುರವಾಗಿ ಏಳುವುದಕ್ಕೆ ಮಾತ್ರ ದೀಪವನ್ನು ದೂರಬೇಡಿ. ಮರಿಯಿದ್ದಾಗ ಗೂಡು ಒಣಗಿ ಹೋಗಿರುವುದೇ ಅದಕ್ಕೆ ಬಹುಮಟ್ಟಿನ ಕಾರಣ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಒಣಗಾಳಿಯಲ್ಲಿ ಅಡಗುವ ಗೂಡಿನ ಮಣ್ಣಿಗೆ ದಿನಾ ನೀರು ಚಿಮುಕಿಸದಿದ್ದರೆ ಎಷ್ಟು ಒಳ್ಳೆಯ ಟ್ಯೂಬ್ ಹಾಕಿದರೂ ಚಿಪ್ಪು ನುಣ್ಣಗೆ ಬೆಳೆಯುವುದಿಲ್ಲ.