ಸಬ್‌ವೂಫರ್‌ಗೆ ಜಾಗ ಹುಡುಕಿದ್ದು

ತುಮಕೂರಿನ ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನ ಹತ್ತಿರ ನಮ್ಮ ಮನೆ. ಹಾಲ್‌ನಲ್ಲಿ ಹೋಂ ಥಿಯೇಟರ್ ಜೋಡಿಸಿದೆ. ಹಾಲ್ 14 ಅಡಿ ಉದ್ದ, 11 ಅಡಿ ಅಗಲ. ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್. ಚಪ್ಪಾಳೆ ತಟ್ಟಿದರೆ ಗೋಡೆಯಿಂದ ವಾಪಸ್ ಕೇಳಿಸುತ್ತದೆ. ಇಂಥ ಜಾಗಕ್ಕೆ 7.1, ಅಂದರೆ ಏಳು ಸ್ಪೀಕರ್ ಜೊತೆಗೆ ಬೇಸ್‌ಗೆ (ತಗ್ಗಿನ ಸದ್ದಿಗೆ) ಒಂದು ಸಬ್‌ವೂಫರ್, ಎಲ್ಲ ಯಾಕೆ? ಐದು ಸ್ಪೀಕರ್‌ನ 5.1 ಧಾರಾಳವಾಯ್ತು.

ದುಡ್ಡು ಹಂಚುವಾಗ ಸೆಂಟರ್ ಸ್ಪೀಕರ್‌ಗೆ ಕೈ ಬಿಗಿ ಮಾಡಲಿಲ್ಲ. ಸಿನಿಮಾದ ಮಾತೆಲ್ಲ ಹೆಚ್ಚುಕಮ್ಮಿ ಅದರಿಂದಲೇ ಬರುವುದು. ಅಂಗಡಿಯಲ್ಲಿ ಬಾಕ್ಸ್ ಮೇಲಿನ ವ್ಯಾಟ್ ತೋರಿಸುತ್ತಾರೆ. ನಾನು ನೋಡಿದ್ದು ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರ್‌ಗೆ ಎಷ್ಟು ಜೋರು ಸದ್ದು ಬರುತ್ತದೆ ಅನ್ನುವುದು. 86 ಡಿಬಿ ಸ್ಪೀಕರ್ ಕೊಡುವ ಸದ್ದನ್ನು 89 ಡಿಬಿಯದು ಅರ್ಧ ಪವರ್‌ನಲ್ಲೇ ಕೊಡುತ್ತದೆ. ವೈರ್ ಮಾತ್ರ ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತಂದೆ, 14 ಗೇಜ್, ಪೂರ್ತಿ ತಾಮ್ರದ್ದು.

ತಲೆ ತಿಂದಿದ್ದು ಸಬ್‌ವೂಫರ್. ಅದನ್ನು ಸೋಫಾ ಮೇಲೆ, ನಾನು ಕೂರುವ ಜಾಗದಲ್ಲೇ ಇಟ್ಟು, ಒಂದು ಡೊಳ್ಳಿನ ರೆಕಾರ್ಡಿಂಗ್ ಹಾಕಿ, ಬೇಸ್ ಎಲ್ಲಿ ಚೆನ್ನಾಗಿ ಕೇಳಿಸುತ್ತದೋ ಅಲ್ಲೇ ಅದನ್ನಿಡೋಣ ಅಂತ ಗೋಡೆ ಪಕ್ಕ ಅಂಬೆಗಾಲಿಟ್ಟುಕೊಂಡು ಹೊರಟೆ. ಅಮ್ಮ ಅಡುಗೆಮನೆಯಿಂದ ಇಣುಕಿ, "ಏನೋ ಬೀಳಿಸ್ಕೊಂಡ್ಯಾ?" ಅಂದರು. ಮೂಲೆಯಲ್ಲಿ ಬರೀ ಗುಂಯ್ ಗುಂಯ್. ಟಿವಿ ಸ್ಟ್ಯಾಂಡ್‌ನ ಎಡಕ್ಕೆ, ಮೂಲೆಯಿಂದ ಮೂರಡಿ ಈಚೆಗೆ ಬಂದಾಗ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸಿತು. ಸಬ್‌ವೂಫರ್‌ಗೆ ಅದೇ ಜಾಗ ಗಟ್ಟಿಯಾಯ್ತು.

ಸೋಫಾವನ್ನೂ ಸರಿಸಬೇಕಾಯ್ತು. 40 ಹರ್ಟ್ಸ್ ಸದ್ದಿನ ಒಂದು ಅಲೆಯ ಉದ್ದ ಸುಮಾರು 28 ಅಡಿ. 14 ಅಡಿ ಹಾಲ್‌ನಲ್ಲಿ ಅದರ ಅರ್ಧ ಸರಿಯಾಗಿ ಕೂರುತ್ತದೆ. ಆಗ ಎರಡೂ ಕೊನೆಯ ಗೋಡೆ ಹತ್ತಿರ ಬೇಸ್ ಜಾಸ್ತಿ, ನಟ್ಟನಡುವೆ ಕೂತರೆ ಮಾಯ. ಸಬ್‌ವೂಫರ್ ಸರಿ ಇಲ್ಲ ಅಂತ ಬೈಯುವ ಎಷ್ಟೋ ಜನ ಸುಮ್ನೆ ಸೋಫಾ ಎರಡಡಿ ಹಿಂದಕ್ಕೆ ಎಳೆದು ನೋಡಬಹುದು.

ಮುಂದಿನ ಎರಡು ಸ್ಪೀಕರ್ ಕಿವಿಯ ಮಟ್ಟಕ್ಕೆ. ಸರೌಂಡ್ ಎರಡೂ ಪಕ್ಕಕ್ಕಿಂತ ಚೂರು ಹಿಂದೆ, ಕಿವಿಗಿಂತ ಸ್ವಲ್ಪ ಮೇಲೆ. ಎಲ್ಲ ಸ್ಪೀಕರ್‌ಗೂ ಸದ್ದು ಹಂಚುವ ರಿಸೀವರ್‌ನಲ್ಲಿ ಐದೂ ಸ್ಪೀಕರನ್ನು 'ಸ್ಮಾಲ್' ಮಾಡಿ ಕ್ರಾಸ್‌ಓವರ್ 80 ಹರ್ಟ್ಸ್ ಇಟ್ಟೆ, ಅಂದರೆ ಅದಕ್ಕಿಂತ ಕೆಳಗಿನ ಸದ್ದೆಲ್ಲ ಸಬ್‌ವೂಫರ್‌ಗೆ. ಸಬ್‌ವೂಫರ್ ಹಿಂದಿರುವ ಕ್ರಾಸ್‌ಓವರ್ ತಿರುಪನ್ನು ಕೊನೆಯವರೆಗೂ ತಿರುಗಿಸಿಬಿಟ್ಟೆ. ಇಲ್ಲದಿದ್ದರೆ ಒಂದೇ ಸದ್ದನ್ನು ಎರಡು ಕಡೆ ಕತ್ತರಿಸಿದ ಹಾಗಾಗುತ್ತದೆ ಅಲ್ವಾ? ಸಬ್‌ವೂಫರ್‌ನ ಅಲೆಯನ್ನು ಬೇರೆ ಸ್ಪೀಕರ್‌ಗಳ ಅಲೆಗೆ ಹೊಂದಿಸುವ ಫೇಸ್ ಸ್ವಿಚ್‌ಗೆ ತಮ್ಮನನ್ನು ಕೂರಿಸಿದೆ. ಅವನು 0, 180 ಬದಲಾಯಿಸುತ್ತಿದ್ದ, ಸೋಫಾದಲ್ಲಿ ಕೂತ ನನಗೆ 0ಯಲ್ಲೇ ಬೇಸ್ ತುಂಬಿ ಬಂತು.

ಮೈಕ್ ಇಟ್ಟು ರಿಸೀವರ್‌ನಿಂದ ಸ್ಪೀಕರ್‌ಗಳ ಸದ್ದಿನ ಅಳತೆ ಮಾಡಿಸುವಾಗ ಫ್ಯಾನ್ ಆಫ್ ಇರಲಿ. ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ ಬಿದ್ದ ಮೇಲೆ ಮಾತು ಇನ್ನೂ ತಿಳಿಯಾಯ್ತು. ಆದರೆ ಜಮಖಾನದಿಂದ ಬೇಸ್ ತಗ್ಗುವುದಿಲ್ಲ. ಕೆಳಗಿನ ಮನೆಯಲ್ಲಿ ಪಿಯುಸಿ ಓದುವ ಹುಡುಗಿ ಇದ್ದಾಳೆ. ಅದಕ್ಕೆ ರಾತ್ರಿ ಹತ್ತಾದ ಮೇಲೆ ಜೋರು ಸದ್ದನ್ನು ತಗ್ಗಿಸುವ ರಿಸೀವರ್‌ನ ನೈಟ್ ಮೋಡ್ ಹಾಕಿ, ಸಬ್‌ವೂಫರ್ ಆಫ್ ಮಾಡುತ್ತೇನೆ.